ಉಜ್ಜಬಾರದ ತುಕ್ಕು

ಕಳೆದ ತಿಂಗಳು ಪರಿಚಯದವರೊಬ್ಬರು ಹಳೆಯ ಪಂಚೆಯಲ್ಲಿ ಸುತ್ತಿದ ಕತ್ತಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಅವರ ಅಜ್ಜ ಬರ್ಮಾ ಯುದ್ಧ ಮುಗಿಸಿ ಬರುವಾಗ ತಂದದ್ದಂತೆ. 1945ರಲ್ಲಿ ಶರಣಾದ ಜಪಾನಿ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಒಪ್ಪಿಸಬೇಕಾಯಿತಲ್ಲ, ಅವುಗಳಲ್ಲಿ ಕೆಲವು ಹೀಗೆ ಟ್ರಂಕುಗಳಲ್ಲಿ ಊರು ಸೇರಿದವು. “ತುಂಬಾ ತುಕ್ಕಿತ್ತು ಸಾರ್, ಹಿಡಿ ಬಿಚ್ಚಿ ಒಳಗೂ ಉಜ್ಜಿಸಿಬಿಟ್ಟೆ” ಎಂದರು. ನನ್ನ ಎದೆ ಧಸಕ್ಕೆಂದಿತು.

ಜಪಾನಿ ಕತ್ತಿಯಲ್ಲಿ ಹಿಡಿಯೊಳಗೆ ಕೂರುವ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅದರ ತುಕ್ಕೇ ಕತ್ತಿಯ ವಯಸ್ಸಿಗೆ ಸಾಕ್ಷಿ. ಇನ್ನೂರು, ಮುನ್ನೂರು ವರ್ಷದ ತುಕ್ಕು ಹಳೆಯ ಬಾಣಲೆಯ ತಳದಂತೆ ಕಪ್ಪಗೆ, ನುಣ್ಣಗೆ ಕೂತಿರುತ್ತದೆ. ಕೆಂಪಗೆ ಉದುರುವುದು ನಿನ್ನೆ ಮೊನ್ನೆಯದು. ಕಮ್ಮಾರ ಉಳಿಯಿಂದ ಕೆತ್ತಿದ ಹೆಸರು, ಅರ ಉಜ್ಜಿದ ಗೆರೆಗಳ ಓರೆ, ಹಿಡಿಯನ್ನು ಬಿಗಿಯುವ ಗೂಟದ ತೂತು ಎಲ್ಲವೂ ಅಲ್ಲೇ. ತೂತು ಎರಡು ಮೂರಿದ್ದರೆ ಉದ್ದದ ಕತ್ತಿಯನ್ನು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿರುವ ಸಾಧ್ಯತೆ ಹೆಚ್ಚು. ಹಾಗೆ ಕತ್ತರಿಸುವಾಗ ಎಷ್ಟೋ ಹಳೆಯ ಅಲಗುಗಳ ಹೆಸರೇ ಹೋಗಿದೆ.

ಹೆಸರಿದ್ದರೂ ಹಿಗ್ಗಬೇಕಿಲ್ಲ. ಹೆಸರಾಂತ ಕಮ್ಮಾರರಾದ ಮಾಸಾಮುನೆ, ಕೊತೆತ್ಸು ಹೆಸರಿನ ನಕಲಿಗಳಿಗೆ ಲೆಕ್ಕವಿಲ್ಲ. ಬಲ್ಲವರು ಮೊದಲು ನೋಡುವುದು ಅಲಗಿನ ಬಾಗು, ಆಮೇಲೆ ಉಕ್ಕನ್ನು ಮಡಿಸಿ ಬಡಿದಾಗ ಮೂಡಿದ ಎಳೆ, ಆಮೇಲೆ ಹಾಮೊನ್. ಕಮ್ಮಾರ ಬೆನ್ನಿಗೆ ದಪ್ಪ, ಬಾಯಿಗೆ ತೆಳು ಮಣ್ಣು ಮೆತ್ತಿ, ಕಾಯಿಸಿ ನೀರಿಗದ್ದುತ್ತಾನೆ. ಬಾಯಿ ತಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ಮೆತ್ತಗುಳಿಯುತ್ತದೆ. ಎರಡರ ಗಡಿಯಲ್ಲಿ ಮೂಡುವ ಮಂಜಿನಂಥ ಗೆರೆಯೇ ಹಾಮೊನ್. ಒಂದೇ ಬಲ್ಬಿನ ಕೆಳಗೆ ಅಲಗನ್ನು ಓರೆ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಕಣ ಮಿನುಗುತ್ತವೆ. ಆಮ್ಲದಿಂದ ಬರೆದ ನಕಲಿ ಗೆರೆ ಬರೀ ಬೂದು. ಹೆಸರಿನ ಸರದಿ ಕೊನೆಗೆ. ಮೊದಲೇ ಹೆಸರು ಹುಡುಕುವವರು ಹಾಡು ಕೇಳುವ ಮುಂಚೆ ಹಾಡಿದವರಾರೆಂದು ಕೇಳುವ ಜಾತಿ.

ಯುದ್ಧಕಾಲದ ಸರಕನ್ನು ಗುರುತಿಸುವುದು ಸುಲಭ. ಹವಾಲ್ದಾರ್ ದರ್ಜೆಯವರಿಗೆಂದು 1935ರಲ್ಲಿ ಬಂದ ಮಾದರಿಯಲ್ಲಿ ಹಿಡಿಯೇ ಎರಕದ ಲೋಹ, ಅದರ ಮೇಲೆ ದಾರ ಸುತ್ತಿದಂತೆ ಅಚ್ಚು. ಅಲಗಿನ ಮೇಲೆ ಕಾರ್ಖಾನೆಯ ಸಂಖ್ಯೆ. ಅಧಿಕಾರಿಗಳ ಕತ್ತಿಯಲ್ಲಿ ಮಾತ್ರ ಸೇನೆಯ ಹಿಡಿಯೊಳಗೆ ಮನೆತನದ ಹಳೆಯ ಅಲಗು ಅಡಗಿದ್ದುಂಟು.

ಆರೈಕೆಗೆ ಬೇಕಾದ್ದು ಕಡಿಮೆ. ಬಾಯಿ ಮೇಲೆ ಮಾಡಿ ಹಿರಿಯಬೇಕು, ಒರೆಯ ಮರಕ್ಕೆ ಬೆನ್ನಷ್ಟೇ ತಾಗುವಂತೆ. ಬಿದಿರಿನ ಗೂಟ ತಳ್ಳಿ ತೆಗೆದು, ಕತ್ತಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಆ ಮಣಿಕಟ್ಟಿನ ಮೇಲೆ ಬಲಮುಷ್ಟಿಯಿಂದ ಗುದ್ದಿದರೆ ಹಿಡಿ ಸಡಿಲವಾಗುತ್ತದೆ. ಸುತ್ತಿಗೆ ಬೇಡ. ಅಲಗಿಗೆ ಬೆರಳು ತಾಗಿಸಬಾರದು, ಅದರ ಎದುರು ಮಾತೂ ಆಡಬಾರದು. ಬೆವರು, ಎಂಜಲು ಎರಡೂ ತುಕ್ಕಿನ ಬೀಜ. ಹಳೆಯ ಎಣ್ಣೆ ಒರೆಸಿ, ಲವಂಗದ ವಾಸನೆಯ ತೆಳು ಎಣ್ಣೆಯನ್ನು ಕಂಡೂ ಕಾಣದಷ್ಟು ಸವರಿದರೆ ಮುಗಿಯಿತು. ಬಟ್ಟೆ ಉಂಡೆಯಲ್ಲಿ ತಟ್ಟುವ ಕಲ್ಲುಪುಡಿ ಸಿನಿಮಾದಲ್ಲಿ ಚೆಂದ, ಆದರೆ ಪದೇ ಪದೇ ತಟ್ಟಿದರೆ ಹೊಳಪೇ ಮಂಕಾಗುತ್ತದೆ.

ಕತ್ತಿ ಮಲಗುವ ಸಾದಾ ಒರೆ ಹೋನೊಕಿ ಮರದ್ದು, ನಮ್ಮ ಸಂಪಿಗೆಯ ಬಳಗ. ಎರಡು ಹೋಳನ್ನು ಅಂಟಿಸುವುದು ಅನ್ನ ಅರೆದ ಅಂಟಿನಿಂದ. ನಾವು ಗಾಳಿಪಟಕ್ಕೆ ಅಗುಳು ಒತ್ತುತ್ತಿದ್ದೆವಲ್ಲ, ಹಾಗೆ. ಮುಂದೆಂದಾದರೂ ಒರೆ ಬಿಡಿಸಿ ಒಳಗೆ ಶುಚಿ ಮಾಡಲು ಅಂಟು ಸುಲಭವಾಗಿ ಬಿಡಬೇಕು ಎಂಬುದೇ ಲೆಕ್ಕ. ಸಾಣೆಯಂತೂ ಕಲಿತವರ ಕೆಲಸ. ಪ್ರತಿ ಸಾಣೆಗೂ ಒಂದಿಷ್ಟು ಉಕ್ಕು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಪರಿಚಯದವರ ಕತ್ತಿಯ ಹಿಡಿ ಬಿಚ್ಚಿದೆ. ನಕಾಗೊ ಹೊಸ ಸೌಟಿನಂತೆ ಥಳಥಳಿಸುತ್ತಿತ್ತು. ಎರಡು ತೂತು, ಹೆಸರಿಲ್ಲ. ಈಗ ತುಕ್ಕೂ ಇಲ್ಲ. “ಎಷ್ಟು ಹಳೇದು ಸಾರ್?” ಎಂದು ಕೇಳಿದರು. ನಾನು ಅಲಗಿಗೆ ಎಣ್ಣೆ ಸವರುತ್ತಿದ್ದೆ, ಬಾಯಿ ಬಿಡಲಿಲ್ಲ.