'ಆ್ಯಂಗರ್' ಪದದ ಕನ್ನಡ ಅರ್ಥನಿರೂಪಣೆ: ಕೊಪ್ಪಳ ಸೀಮೆಯ 'ಸಿಟ್ಟು' ಕುರಿತು ಒಂದು ವಿಮರ್ಶೆ

ಇಂಗ್ಲಿಷ್-ಕನ್ನಡ ನಿಘಂಟುಗಳು 'ಆ್ಯಂಗರ್' ಪದಕ್ಕೆ ಕೋಪ, ಸಿಟ್ಟು, ಕ್ರೋಧ ಮೊದಲಾದ ನಾಮಪದಗಳನ್ನು ಸಾಲಾಗಿ ಕೊಡುತ್ತ ಬಂದಿವೆ. ಈ ಕ್ರಮದ ಕೊರತೆ ಪರ್ಯಾಯಗಳ ಸಂಖ್ಯೆಯಲ್ಲಿಲ್ಲ. ನಾಮಪದವನ್ನು ಅದರ ಕ್ರಿಯಾಪದದಿಂದ ಬೇರ್ಪಡಿಸಿ ಅರ್ಥ ಹೇಳುವುದರಲ್ಲಿದೆ ಎಂಬುದು ನಮ್ಮ ವಾದ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಆಡುಮಾತಿನಲ್ಲಿ ರೂಢಿಯ ಪದ 'ಸಿಟ್ಟು'. ಅದರ ಮೂರು ಪ್ರಯೋಗಗಳನ್ನು ಗಮನಿಸಬಹುದು: 'ಅವಗ ಸಿಟ್ಟು ಬಂತು', 'ಅವ ಸಿಟ್ಟಿಗೆದ್ದ', 'ಅವ ಸಿಟ್ಟು ಇಟ್ಟುಕೊಂಡಿದ್ದ'. ಮೊದಲನೆಯದರಲ್ಲಿ ಸಿಟ್ಟೇ ಕರ್ತೃ. ಮನುಷ್ಯನು ಚತುರ್ಥಿ ವಿಭಕ್ತಿಯಲ್ಲಿ ನಿಂತ ಅನುಭವಿ. ಉಳಿದೆರಡರಲ್ಲಿ ಮನುಷ್ಯನೇ ಕರ್ತೃ. ಆಜ್ಞಾರ್ಥಕದ ನಿಷೇಧರೂಪ ಈ ಭೇದಕ್ಕೆ ಒರೆಗಲ್ಲು. ಎದುರಿನವನಿಗೆ 'ಸಿಟ್ಟಿಗೇಳಬ್ಯಾಡ', 'ಸಿಟ್ಟು ಇಟ್ಟುಕೊಳ್ಳಬ್ಯಾಡ' ಎನ್ನಬಹುದು. 'ಸಿಟ್ಟು ಬರಬ್ಯಾಡ' ಎನ್ನಲಾಗದು. ಅಂತೆಯೇ 'ಮೂರು ವರ್ಷದಿಂದ' ಎಂಬ ಅವಧಿವಾಚಕವು ಮೂರನೆಯ ಪ್ರಯೋಗಕ್ಕೆ ಮಾತ್ರ ಸಹಜವಾಗಿ ಹೊಂದುತ್ತದೆ.

ಇಂಗ್ಲಿಷಿನಲ್ಲಿಯೂ ಇಂಥ ಭೇದಗಳಿಲ್ಲದಿಲ್ಲ. ಭುಗಿಲೇಳುವುದಕ್ಕೆ 'ರೇಜ್', ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೆ 'ಗ್ರಜ್' ಎಂಬ ಬೇರೆ ಪದಗಳಿವೆ. 'ಆ್ಯಂಗರ್' ಪದವೇ ಪ್ರಾಚೀನ ನಾರ್ಸ್ ಭಾಷೆಯಲ್ಲಿ ದುಃಖ, ಸಂಕಟಗಳನ್ನು ಸೂಚಿಸುತ್ತಿದ್ದ ಪದದಿಂದ ಬಂದುದು. ಇಂಗ್ಲಿಷ್ ಬೇರೆ ಬೇರೆ ಪದಗಳಿಗೆ ಹಂಚಿದುದನ್ನು ಕನ್ನಡ ಒಂದೇ ನಾಮಪದದ ಸುತ್ತ ವಿಭಕ್ತಿ ಮತ್ತು ಕ್ರಿಯಾಪದಗಳ ಮೂಲಕ ಸಾಧಿಸುತ್ತದೆ. ಮೂರೂ ವಾಕ್ಯಗಳನ್ನು 'ಆ್ಯಂಗರ್' ಒಂದರಿಂದಲೇ ಅನುವಾದಿಸಿದರೆ ಈ ವ್ಯಾಕರಣವೇ ಅಳಿಸಿಹೋಗುತ್ತದೆ.

ಇದರ ಪರಿಣಾಮ ನಿಘಂಟಿನ ಪುಟಕ್ಕೆ ಸೀಮಿತವಲ್ಲ. 1860ರ ಭಾರತೀಯ ದಂಡ ಸಂಹಿತೆಯ 300ನೆಯ ಕಲಮಿನ ಮೊದಲ ಅಪವಾದವು, ಗಂಭೀರವೂ ಹಠಾತ್ತಾದುದೂ ಆದ ಪ್ರಚೋದನೆಯಿಂದ ಆರೋಪಿ ಆತ್ಮಸಂಯಮ ಕಳೆದುಕೊಂಡಿದ್ದನೇ ಎಂದು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಕೊಪ್ಪಳ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡ ಹೈಕೋರ್ಟ್ ಪೀಠದ ವ್ಯವಹಾರಭಾಷೆ ಇಂಗ್ಲಿಷ್. 'ಸಿಟ್ಟು ಬಂತು' ಎಂಬ ಸಾಕ್ಷಿಯ ಮಾತು ಹಠಾತ್ತಾದುದನ್ನು ಸೂಚಿಸಬಲ್ಲದು; 'ಸಿಟ್ಟು ಇಟ್ಟುಕೊಂಡಿದ್ದ' ಎಂಬುದು ಹಳೆಯ ವೈಷಮ್ಯವನ್ನು. ವ್ಯಾಕರಣವೇ ಪುರಾವೆಯೆಂದು ನಾವು ಹೇಳುತ್ತಿಲ್ಲ. ಆದರೆ ಸಾಕ್ಷಿ ಮಾಡಿದ ಭೇದವನ್ನು ಅನುವಾದ ಅಳಿಸಿದರೆ, ಅದನ್ನು ತೂಗಿ ನೋಡುವ ಅವಕಾಶವೇ ನ್ಯಾಯಾಲಯಕ್ಕೆ ಇಲ್ಲವಾಗುತ್ತದೆ.

ಆದ್ದರಿಂದ 'ಆ್ಯಂಗರ್' ನಮೂದಿನಲ್ಲಿ ಬರು, ಏಳು, ಇಟ್ಟುಕೊಳ್ಳು ಎಂಬ ಕ್ರಿಯಾಪದಗಳೊಡನೆ ವಿಭಕ್ತಿಸಹಿತ ಉದಾಹರಣಾವಾಕ್ಯಗಳನ್ನು ಕೊಡುವುದು ಅವಶ್ಯ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವೇ ಇಂದಿನ ಕೊಪ್ಪಳ. ಅಲ್ಲಿನ ಆಡುಮಾತನ್ನು ಪ್ರಾದೇಶಿಕ ವಿಶೇಷವೆಂದು ಅಡಿಟಿಪ್ಪಣಿಗೆ ತಳ್ಳದೆ, ನಮೂದಿನ ಒಳಗೇ ಸೇರಿಸುವುದು ಯುಕ್ತ.