ನೀರಿಗೊಂದು ದಾರಿ

ಬಸುರಿಗೆ 16 ವಾರ ದಾಟಿದ ಮೇಲೆ ಮಗುವನ್ನು ತೇಲಿಸುವ ನೀರಿನಲ್ಲಿ ಬಹುಪಾಲು ಮಗುವೇ ಹೊಯ್ದ ಉಚ್ಚೆ. ಅದನ್ನೇ ಮಗು ಕುಡಿಯುತ್ತದೆ. ಆ ನೀರಿನ ಆಸರೆಯಲ್ಲೇ ಶ್ವಾಸಕೋಶ ಅರಳುತ್ತದೆ. ಮೊದಲ ಉಸಿರಿನ ಸಿದ್ಧತೆ ಮೂತ್ರದಲ್ಲಿ ನಡೆಯುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು.

ಕೆಲವು ಗಂಡುಮಕ್ಕಳಲ್ಲಿ ಮೂತ್ರನಾಳಕ್ಕೆ ತೆಳ್ಳನೆಯ ಪೊರೆಯೊಂದು ಅಡ್ಡ ಬೆಳೆದಿರುತ್ತದೆ. ಹುಟ್ಟಿದ ಮೇಲಾದರೆ ಅದನ್ನು ದುರ್ಬೀನು ತೂರಿಸಿ ಕತ್ತರಿಸಬಹುದು. ಗರ್ಭದಲ್ಲಿ ಅದೇ ಪೊರೆ ಮೂತ್ರಕೋಶವನ್ನು ಉಬ್ಬಿಸಿ, ಮೂತ್ರಪಿಂಡಗಳನ್ನು ಹಿಂಡಿ, ಸುತ್ತಲಿನ ನೀರನ್ನೇ ಬತ್ತಿಸಿಬಿಡುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಹ್ಯಾರಿಸನ್ ಮತ್ತು ಸಂಗಡಿಗರು ಮೊದಲು ಕುರಿಯ ಗರ್ಭದಲ್ಲಿದ್ದ ಮರಿಗಳ ಮೂತ್ರದ ದಾರಿಯನ್ನು ಕಟ್ಟಿ, ಮತ್ತೆ ಬಿಡಿಸಿ ನೋಡಿದರು. 1981ರಲ್ಲಿ ಒಬ್ಬ ತಾಯಿಯ ಗರ್ಭಕೋಶವನ್ನೇ ತೆರೆದು ಮಗುವಿನ ಮೂತ್ರಕ್ಕೆ ದಾರಿ ಮಾಡಿದರು. ಮಗು ಉಳಿಯಲಿಲ್ಲ, ಅಷ್ಟರಲ್ಲೇ ಮೂತ್ರಪಿಂಡಗಳು ಕೆಟ್ಟಿದ್ದವು.

ಆ ದಿಟ್ಟತನಕ್ಕಿಂತ ನನ್ನ ಮನಸ್ಸು ನಿಲ್ಲುವುದು ಅದೇ ಕಾಲದ ಇನ್ನೊಂದು ಸಣ್ಣ ಉಪಾಯದಲ್ಲಿ. ಅದರ ಹೆಸರು ಶಂಟ್: ಮೆತ್ತನೆಯ ಸಪೂರ ಕೊಳವೆ, ಎರಡೂ ತುದಿ ಹಾಗಲಬಳ್ಳಿಯ ಕುಡಿಯಂತೆ ಸುರುಳಿ. ನೀರು ತೀರಾ ಬತ್ತಿದ್ದರೆ ಮೊದಲು ಲವಣದ ದ್ರವ ತುಂಬಿ ಮಗುವಿನ ಸುತ್ತ ಜಾಗ ಮಾಡಿಕೊಳ್ಳುತ್ತಾರೆ. ಆಮೇಲೆ ಸ್ಕ್ಯಾನ್ ಪರದೆಯ ಮೇಲೆ ಕಣ್ಣಿಟ್ಟು, ತಾಯಿಯ ಹೊಟ್ಟೆಯಿಂದ ಮಗುವಿನ ಮೂತ್ರಕೋಶದವರೆಗೆ ಟೊಳ್ಳು ಸೂಜಿ ಇಳಿಸುತ್ತಾರೆ. ಸೂಜಿಯೊಳಗೆ ನೆಟ್ಟಗಿದ್ದ ಕೊಳವೆ ಹೊರಬಿದ್ದೊಡನೆ ತಾನೇ ಸುತ್ತಿಕೊಳ್ಳುತ್ತದೆ. ಒಂದು ಸುರುಳಿ ಮೂತ್ರಕೋಶದಲ್ಲಿ. ಸೂಜಿಯನ್ನು ಹಿಂದೆಳೆದಂತೆ ಇನ್ನೊಂದು ಮಗುವಿನ ಹೊಟ್ಟೆಯ ಹೊರಗೆ, ಗರ್ಭದ ನೀರಿನಲ್ಲಿ. ಗಂಟಿಲ್ಲ, ಹೊಲಿಗೆಯಿಲ್ಲ, ಸುರುಳಿಯೇ ಹಿಡಿತ. ಅಡ್ಡ ನಿಂತ ಪೊರೆಯನ್ನು ವೈದ್ಯರು ಮುಟ್ಟುವುದೂ ಇಲ್ಲ. ನೀರಿಗೆ ದಾರಿ ಬಿಟ್ಟು ಕೈ ತೆಗೆಯುತ್ತಾರೆ, ಉಳಿದದ್ದು ಮಗುವಿನ ಕೆಲಸ. ಇಷ್ಟು ಕಡಿಮೆ ಮಾಡಿ ಇಷ್ಟನ್ನು ಬಯಸುವ ಶಸ್ತ್ರಚಿಕಿತ್ಸೆ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಬಯಸಿದ್ದೆಲ್ಲ ಸಿಗುತ್ತದೆ ಎಂದಲ್ಲ. ಕೊಳವೆ ಜಾರುತ್ತದೆ, ಕಟ್ಟಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ‘ಪ್ಲೂಟೊ’ ಅಧ್ಯಯನಕ್ಕೆ ಸೇರಿದವರೇ 31 ತಾಯಂದಿರು. ಶಂಟ್ ಗುಂಪಿನ 16ರಲ್ಲಿ 8 ಶಿಶುಗಳು 28 ದಿನ ದಾಟಿದವು. ಇನ್ನೊಂದು ಗುಂಪಿನ 15ರಲ್ಲಿ 4. ಎರಡು ವರ್ಷದ ಹೊತ್ತಿಗೆ ಮೂತ್ರಪಿಂಡ ಸರಿಯಿದ್ದ ಮಕ್ಕಳು ಇಬ್ಬರೇ, ಇಬ್ಬರೂ ಶಂಟ್ ಗುಂಪಿನವರು.

ಹಾಗಾಗಿ ಯಾವ ಮಗುವಿಗೆ ಇದರಿಂದ ಉಪಯೋಗ ಎಂದು ಮೊದಲೇ ತಿಳಿಯುವ ವಿಧಾನದಲ್ಲಿ ಇನ್ನೂ ನಯವಾದ ಸೊಗಸಿದೆ. ಗಟ್ಟಿಯಾದ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟು ಸಪ್ಪೆ ನೀರು ಬಿಡುತ್ತದೆ. ಸೋತದ್ದು ಉಪ್ಪನ್ನೂ ಚೆಲ್ಲುತ್ತದೆ. ಮಗುವಿನ ಮೂತ್ರವನ್ನು ಸೂಜಿಯಲ್ಲಿ ತೆಗೆದು ನೋಡಿದಾಗ ಸೋಡಿಯಂ ಲೀಟರಿಗೆ 100 ಮಿಲಿಮೋಲ್‌ಗಿಂತ ಕೆಳಗಿದ್ದರೆ ಭರವಸೆ. ಆದರೆ ಮೊದಲ ಸಲ ಸಿಗುವುದು ತಂಗಿದ ಹಳೆಯ ಮೂತ್ರ. ಅದನ್ನು ಬಸಿದು, ಎರಡು ಮೂರು ದಿನ ಕಾದು, ಹೊಸದಾಗಿ ತುಂಬಿದ್ದನ್ನು ಮತ್ತೆ ತೆಗೆದಾಗಲೇ ಮೂತ್ರಪಿಂಡದ ಇಂದಿನ ಸ್ಥಿತಿ ತಿಳಿಯುವುದು. ಸಲದಿಂದ ಸಲಕ್ಕೆ ಸಪ್ಪೆಯಾಗುತ್ತ ಬಂದರೆ ಶಂಟ್ ಹಾಕುತ್ತಾರೆ. ಉಪ್ಪಾಗಿಯೇ ಉಳಿದಾಗ ಸೂಜಿಯನ್ನು ಕೆಳಗಿಟ್ಟು, ತಾಯಿಗೆ ಇದ್ದದ್ದನ್ನು ಇದ್ದಂತೆ ಹೇಳುವ ವೈದ್ಯರ ಮೇಲೆ ನನಗೆ ಅಷ್ಟೇ ಗೌರವವಿದೆ.