ಎಂಟರ ಲೆಕ್ಕ: ಆರಂಭಿಕ ಇಂಗ್ಲಿಷ್ ವ್ಯಾಕರಣದ ಪದವರ್ಗಗಳು ಮತ್ತು ಮರೆಯಾದ ನಿರ್ಧಾರಕ

ಇಂಗ್ಲಿಷ್ ಕಲಿಯಲು ತೊಡಗಿದ ವಿದ್ಯಾರ್ಥಿಗೆ ವ್ಯಾಕರಣದ ಹೆಸರಿನಲ್ಲಿ ಮೊದಲು ದೊರೆಯುವುದು ಎಂಟು ಪದವರ್ಗಗಳ ಪಟ್ಟಿ: ನಾಮಪದ, ಸರ್ವನಾಮ, ವಿಶೇಷಣ, ಕ್ರಿಯಾಪದ, ಕ್ರಿಯಾವಿಶೇಷಣ, ಪ್ರಿಪೊಸಿಷನ್, ಸಂಯೋಜಕ, ಭಾವಬೋಧಕ. ಪ್ರತಿಯೊಂದಕ್ಕೂ ಒಂದು ಲಕ್ಷಣವಾಕ್ಯ, ಕೆಲವು ಉದಾಹರಣೆ, ಕೊನೆಗೆ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ. ಈ ಲಕ್ಷಣಗಳು ಸಡಿಲವಾಗಿವೆ ಎಂಬುದು ಭಾಷಾವಿಜ್ಞಾನದಲ್ಲಿ ಹಳೆಯ ಮಾತು. ಯೆಸ್ಪರ್ಸನ್ 1924ರ ‘ದ ಫಿಲಾಸಫಿ ಆಫ್ ಗ್ರಾಮರ್’ನಲ್ಲಿಯೇ ಅದನ್ನು ಸಾಕಷ್ಟು ವಿಸ್ತಾರವಾಗಿ ತೋರಿಸಿದ್ದಾನೆ, ಅದನ್ನು ಪುನರುಚ್ಚರಿಸುವುದು ಇಲ್ಲಿಯ ಉದ್ದೇಶವಲ್ಲ. ನಮ್ಮ ವಾದ ಇದಕ್ಕಿಂತ ಸೀಮಿತವಾದುದು. ಈ ಪಟ್ಟಿಯ ದೋಷ ಎಲ್ಲ ಕಲಿಕೆಗಾರರ ಮೇಲೂ ಸಮನಾಗಿ ಬೀಳುವುದಿಲ್ಲ. ಕನ್ನಡ ಮನೆಮಾತಿನವರಿಗೆ ಯಾವ ವರ್ಗದ ಅರಿವು ಅತ್ಯಗತ್ಯವೋ ಆ ವರ್ಗವನ್ನೇ, ಎಂದರೆ ನಿರ್ಧಾರಕವನ್ನೇ, ಅದು ವಿಶೇಷಣದ ಒಳಗೆ ಅಡಗಿಸಿಬಿಡುತ್ತದೆ.

ಎಂಟು ಎಂಬ ಸಂಖ್ಯೆ ಇಂಗ್ಲಿಷನ್ನು ಪರಿಶೀಲಿಸಿ ಪಡೆದುದಲ್ಲ. ಡಯೊನಿಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಉಳಿದು ಬಂದಿರುವ ಗ್ರೀಕ್ ವ್ಯಾಕರಣದಲ್ಲಿ ಎಂಟು ವರ್ಗಗಳಿದ್ದವು. ಅವುಗಳಲ್ಲಿ ಆರ್ಟಿಕಲ್ ಒಂದು. ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇರಲಿಲ್ಲ. ರೋಮನ್ ವೈಯಾಕರಣರು ಅದನ್ನು ಕೈಬಿಟ್ಟು, ಭಾವಬೋಧಕವನ್ನು ಬೇರೆ ವರ್ಗವಾಗಿ ಸೇರಿಸಿದರು; ಎಂಟು ಎಂಟಾಗಿಯೇ ಉಳಿಯಿತು. ಇಂಗ್ಲಿಷ್ ಶಾಲಾ ವ್ಯಾಕರಣ ಲ್ಯಾಟಿನ್ನಿನ ಮಾದರಿಯನ್ನು ಅನುಸರಿಸಿತಾದ್ದರಿಂದ, ಆರ್ಟಿಕಲ್ ಉಳ್ಳ ಭಾಷೆಯೊಂದನ್ನು ಆರ್ಟಿಕಲ್ ಇಲ್ಲದ ಭಾಷೆಯ ಪಟ್ಟಿಯಲ್ಲಿ ವಿವರಿಸಬೇಕಾಯಿತು. ಲಿಂಡ್ಲಿ ಮರ್ರೆ 1795ರ ತನ್ನ ವ್ಯಾಕರಣದಲ್ಲಿ ಆರ್ಟಿಕಲ್ಲಿಗೆ ಪ್ರತ್ಯೇಕ ಸ್ಥಾನ ಕೊಟ್ಟು ಒಂಬತ್ತು ವರ್ಗಗಳನ್ನು ಎಣಿಸಿದ. ಅನಂತರದ ಶಾಲಾ ಪರಂಪರೆ ಅದನ್ನು ವಿಶೇಷಣದೊಳಗೆ ಸೇರಿಸಿ ಮತ್ತೆ ಎಂಟಕ್ಕೆ ಇಳಿಸಿತು. ಭಾರತದ ತರಗತಿಗಳಲ್ಲಿ ತಲೆಮಾರುಗಳ ಕಾಲ ಪ್ರಮಾಣವೆನಿಸಿಕೊಂಡ ರೆನ್ ಮತ್ತು ಮಾರ್ಟಿನ್ನರ ಪುಸ್ತಕ ‘ಎ’ ಮತ್ತು ‘ದ’ಗಳನ್ನು ನಿರ್ದೇಶಕ ವಿಶೇಷಣಗಳೆಂದು ಪರಿಗಣಿಸಿದ್ದು ಈ ಪರಂಪರೆಗೆ ಅನುಗುಣವಾಗಿಯೇ. ಕನ್ನಡದಲ್ಲಿಯೂ ಆರ್ಟಿಕಲ್ ಇಲ್ಲ. ಲ್ಯಾಟಿನ್ನಿನ ಕೊರತೆಯಿಂದ ಹುಟ್ಟಿದ ಪಟ್ಟಿ ಅದೇ ಕೊರತೆಯುಳ್ಳ ಭಾಷೆಯವರ ಕೈಸೇರಿದಾಗ, ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಅನುಮಾನಕ್ಕೂ ಆಸ್ಪದ ಉಳಿಯುವುದಿಲ್ಲ.

ನಿರ್ಧಾರಕವನ್ನು ವಿಶೇಷಣವೆಂದು ಕರೆಯುವುದರಿಂದ ಆಗುವ ನಷ್ಟವೇನು? ಇದು ಬರಿಯ ಹೆಸರಿನ ತಕರಾರಲ್ಲ. ವಿಶೇಷಣದ ಬಗ್ಗೆ ವಿದ್ಯಾರ್ಥಿ ಕಲಿಯುವ ಸಂಗತಿಗಳು ಮುಖ್ಯವಾಗಿ ಎರಡು: ಅದು ನಾಮಪದಕ್ಕೆ ಏನನ್ನೋ ಕೂಡಿಸುತ್ತದೆ, ಆದುದರಿಂದ ಬಿಡಬಹುದಾದುದು, ಒಂದಕ್ಕಿಂತ ಹೆಚ್ಚು ವಿಶೇಷಣಗಳು ಒಟ್ಟಿಗೆ ಬರಬಹುದು. ‘ಎ ಬಿಗ್ ರೆಡ್ ಬಸ್’ ಎಂಬಲ್ಲಿ ‘ಬಿಗ್’ ಬಿಟ್ಟರೂ ‘ರೆಡ್’ ಬಿಟ್ಟರೂ ಪದಪುಂಜ ಶುದ್ಧವಾಗಿಯೇ ಇರುತ್ತದೆ. ಈ ಎರಡು ಸಂಗತಿಗಳನ್ನು ನಂಬಿ ನಡೆದ ವಿದ್ಯಾರ್ಥಿ ‘*ಐ ಬಾಟ್ ಬುಕ್’ ಎಂದು ಬರೆದರೆ, ಆತ ಬಿಡಬಹುದಾದ ವಿಶೇಷಣವೊಂದನ್ನು ಬಿಟ್ಟಿದ್ದಾನೆ, ಅಷ್ಟೆ. ‘*ದಿಸ್ ಮೈ ಬುಕ್’ ಎಂದರೆ, ಒಂದು ನಿರ್ದೇಶಕ ವಿಶೇಷಣವನ್ನೂ ಒಂದು ಸ್ವಾಮ್ಯಸೂಚಕ ವಿಶೇಷಣವನ್ನೂ ಜೊತೆಗಿಟ್ಟಿದ್ದಾನೆ. ಎರಡೂ ತಪ್ಪುಗಳು ಪಾಠದ ಸೂತ್ರದಿಂದ ನ್ಯಾಯವಾಗಿ ನಿಷ್ಪನ್ನವಾಗುತ್ತವೆ. ಇಂಥ ವಾಕ್ಯಗಳನ್ನು ಮಾತೃಭಾಷೆಯ ಪ್ರಭಾವವೆಂದು ತಳ್ಳಿಹಾಕುವ ಮುನ್ನ, ಆ ಪ್ರಭಾವವನ್ನು ತಡೆಯಬೇಕಾಗಿದ್ದ ವ್ಯಾಕರಣ ಏನು ಹೇಳಿತ್ತೆಂಬುದನ್ನು ನೋಡಬೇಕು.

ಪ್ರಭಾವವಂತೂ ಇದ್ದೇ ಇದೆ. ಕನ್ನಡದಲ್ಲಿ ‘ನನ್ನ ಈ ಪುಸ್ತಕ’, ‘ಈ ನನ್ನ ಪುಸ್ತಕ’, ‘ಅವಳ ಆ ಹಳೆಯ ಮನೆ’ ಎಲ್ಲವೂ ಸಹಜ. ‘ಈ’, ‘ಆ’, ‘ನನ್ನ’, ‘ಹಳೆಯ’ ಇವುಗಳು ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುವುದಿಲ್ಲ, ಸಾಲಾಗಿ ನಿಲ್ಲುತ್ತವೆ. ಇವೆಲ್ಲವನ್ನೂ ವಿಶೇಷಣಗಳೆಂದು ಕರೆದರೆ ಕನ್ನಡಕ್ಕೆ ಹೆಚ್ಚಿನ ಹಾನಿಯಿಲ್ಲ. ಇಂಗ್ಲಿಷಿನಲ್ಲಿ ‘ಎ’, ‘ದ’, ‘ದಿಸ್’, ‘ಮೈ’, ‘ಎವ್ರಿ’ಗಳಿಗೆ ಇರುವುದು ಒಂದೇ ಸ್ಥಾನ, ಒಂದು ಅಲ್ಲಿ ಕುಳಿತರೆ ಇನ್ನೊಂದಕ್ಕೆ ಎಡೆಯಿಲ್ಲ. ಆದುದರಿಂದಲೇ ‘ದಿಸ್ ಬುಕ್ ಆಫ್ ಮೈನ್’ ಎಂದು ಸುತ್ತಿ ಹೇಳಬೇಕಾಗುತ್ತದೆ. (ಇಂಗ್ಲಿಷ್ ಸದಾ ಹೀಗಿರಲಿಲ್ಲ ಎಂಬುದು ಬೇರೆ ಮಾತು. 1611ರ ಬೈಬಲ್ ಅನುವಾದದಲ್ಲಿ ‘ದಿಸ್’ ಮತ್ತು ‘ಮೈ’ ಒಟ್ಟಿಗೆ ಬಂದಿರುವ ಪ್ರಯೋಗವುಂಟು. ನಾಲ್ಕು ಶತಮಾನಗಳ ಹಿಂದಾಗಿದ್ದರೆ ನಮ್ಮ ವಿದ್ಯಾರ್ಥಿಗೆ ಅಂಕ ಸಿಗುತ್ತಿತ್ತೇನೋ.)

ನಿರ್ಧಾರಕದ ಕಡ್ಡಾಯತೆಯೂ ಹೀಗೆಯೇ. ‘ಪುಸ್ತಕ ಕೊಂಡೆ’, ‘ಪುಸ್ತಕವನ್ನು ಕೊಂಡೆ’, ‘ಒಂದು ಪುಸ್ತಕ ಕೊಂಡೆ’ ಎಂಬ ಮೂರೂ ಕನ್ನಡದಲ್ಲಿ ಶುದ್ಧ. ಅಚೇತನ ಕರ್ಮಕ್ಕೆ ದ್ವಿತೀಯಾ ಪ್ರತ್ಯಯ ಐಚ್ಛಿಕ. ಅದು ಬಂದಾಗ ಯಾವುದೋ ನಿರ್ದಿಷ್ಟ ಪುಸ್ತಕದ ಕಡೆಗೆ ಅರ್ಥ ವಾಲುತ್ತದೆ. ಎಂದರೆ ನಿರ್ದಿಷ್ಟತೆಯ ಪ್ರಜ್ಞೆ ಕನ್ನಡಿಗನಿಗೆ ಹೊಸದಲ್ಲ. ಅದನ್ನು ಸೂಚಿಸಲು ಭಾಷೆ ವಿಭಕ್ತಿ, ಸಂಖ್ಯಾವಾಚಕ, ಸಂದರ್ಭ ಇವುಗಳನ್ನು ಬಳಸಿಕೊಳ್ಳುತ್ತದೆ, ಯಾವುದನ್ನೂ ಕಡ್ಡಾಯ ಮಾಡುವುದಿಲ್ಲ. ಇಂಗ್ಲಿಷಿನ ಎಣಿಕೆಗೆ ಸಿಗುವ ನಾಮಪದ ಏಕವಚನದಲ್ಲಿದ್ದಾಗ ನಿರ್ಧಾರಕವಿಲ್ಲದೆ ಸಾಮಾನ್ಯವಾಗಿ ನಿಲ್ಲಲಾರದು. ಕಲಿಯಬೇಕಾದ ಹೊಸ ಸಂಗತಿ ಈ ಕಡ್ಡಾಯತೆಯೇ ಹೊರತು ನಿರ್ದಿಷ್ಟತೆಯ ಅರ್ಥವಲ್ಲ. ಪಠ್ಯಗಳು ಮಾತ್ರ ‘ಎ’ ಅನಿರ್ದಿಷ್ಟ, ‘ದ’ ನಿರ್ದಿಷ್ಟ ಎಂದು ಅರ್ಥವನ್ನೇ ಬೋಧಿಸಿ ಮುಗಿಸುತ್ತವೆ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಡಿ. ಎನ್. ಶಂಕರ ಭಟ್ಟರು 1994ರ ‘ದ ಅಡ್ಜೆಕ್ಟೈವಲ್ ಕೆಟಗರಿ’ಯಲ್ಲಿ ವಿಶೇಷಣವನ್ನು ಅದರ ಕಾರ್ಯದಿಂದ, ಎಂದರೆ ನಾಮಪದವನ್ನು ವಿಶೇಷಿಸುವ ಗುಣದಿಂದ, ಗುರುತಿಸಿದರು. ನಿರ್ಧಾರಕಗಳೂ ನಾಮಪದದೊಂದಿಗೇ ಬರುತ್ತವಲ್ಲ, ಅವುಗಳನ್ನು ಅಲ್ಲಿಯೇ ಇಟ್ಟರೇನು ಎಂದು ಕೇಳಬಹುದು. ಆದರೆ ಕಾರ್ಯವನ್ನೇ ಮಾನದಂಡವಾಗಿ ಹಿಡಿದರೂ ಬೇರ್ಪಡಿಕೆ ಅನಿವಾರ್ಯವಾಗುತ್ತದೆ: ‘ರೆಡ್’ ಬಸ್ಸಿನ ಗುಣವನ್ನು ಹೇಳುತ್ತದೆ, ‘ದ’ ಬಸ್ಸಿನ ಯಾವ ಗುಣವನ್ನೂ ಹೇಳುವುದಿಲ್ಲ, ಯಾವ ಬಸ್ಸು ಎಂಬುದು ಕೇಳುಗನಿಗೆ ತಿಳಿದಿದೆಯೆಂದು ಮಾತ್ರ ಸೂಚಿಸುತ್ತದೆ.

ಅರ್ಥವನ್ನೇ ಆಧರಿಸಿದ ಲಕ್ಷಣದ ಮಿತಿ ಕ್ರಿಯಾಪದದಲ್ಲಿಯೂ ಕಾಣುತ್ತದೆ. ಕ್ರಿಯೆಯನ್ನು ಹೇಳುವ ಪದ ಕ್ರಿಯಾಪದವೆಂದರೆ ‘ಅರೈವಲ್’ನಲ್ಲಿ ಅತಿವ್ಯಾಪ್ತಿ, ‘ರಿಸೆಂಬಲ್’ನಲ್ಲಿ ಅವ್ಯಾಪ್ತಿ. ಇದು ಎಲ್ಲ ಕಲಿಕೆಗಾರರಿಗೂ ಅನ್ವಯಿಸುವ ದೋಷ. ಕನ್ನಡದವರಿಗೆ ಇನ್ನೊಂದು ತೊಡಕುಂಟು: ‘ನೋ’, ‘ವಾಂಟ್’, ‘ಲೈಕ್’ ಎಂಬ ಪ್ರಾಥಮಿಕ ಕ್ರಿಯಾಪದಗಳಿಗೆ ಸಂವಾದಿಯಾಗಿ ನಾವು ಬಳಸುವುದು ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’. ಇವುಗಳಲ್ಲಿ ಯಾವುದೂ ಪುರುಷ, ಲಿಂಗ, ವಚನಗಳ ಪ್ರತ್ಯಯವನ್ನು ಪಡೆಯುವುದಿಲ್ಲ, ಅನುಭವಿಸುವವನು ಚತುರ್ಥಿಯಲ್ಲಿರುತ್ತಾನೆ. ‘ಲೈಕ್’ ಯಾವ ಕ್ರಿಯೆಯೆಂದು ಮಗು ಕೇಳಿದರೆ ಶಿಕ್ಷಕರ ಬಳಿ ಉತ್ತರವಿಲ್ಲ. ಅದು ‘ಎಸ್’ ಪ್ರತ್ಯಯ ಪಡೆಯುತ್ತದೆ, ‘ಡಿಡ್’ ನಂತರ ಬರುತ್ತದೆ ಎಂಬ ಉತ್ತರವಿದೆ, ಅದನ್ನು ಪಠ್ಯ ಹೇಳಿಲ್ಲ.

ವಿಪರ್ಯಾಸವೆಂದರೆ ರೂಪದಿಂದ ವರ್ಗವನ್ನು ಗುರುತಿಸುವ ಕ್ರಮ ನಮ್ಮ ವಿದ್ಯಾರ್ಥಿಗೆ ಪರಿಚಿತವೇ. ಪಾಣಿನಿಯ ಪದಲಕ್ಷಣ ಸುಬಂತ ಮತ್ತು ತಿಙಂತಗಳ ಮೇಲೆ ನಿಂತಿದೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ನಾಮ, ಆಖ್ಯಾತ, ಅವ್ಯಯಗಳನ್ನು ಪ್ರತ್ಯೇಕ ಪ್ರಕರಣಗಳಲ್ಲಿ ನಿರೂಪಿಸುತ್ತದೆ. ವಿಭಕ್ತಿ ಪ್ರತ್ಯಯ ಸೇರಿದರೆ ನಾಮಪದ, ಆಖ್ಯಾತ ಪ್ರತ್ಯಯ ಸೇರಿದರೆ ಕ್ರಿಯಾಪದ, ಎರಡೂ ಸೇರದಿದ್ದರೆ ಅವ್ಯಯ ಎಂಬ ತಿಳಿವಳಿಕೆ ಕನ್ನಡ ತರಗತಿಯಲ್ಲಿ ಇಂದಿಗೂ ಬಾಳುತ್ತಿದೆ. ಪಕ್ಕದ ಇಂಗ್ಲಿಷ್ ತರಗತಿಗೆ ಹೋದೊಡನೆ ಅದನ್ನು ಮರೆತು ‘ವ್ಯಕ್ತಿ, ಸ್ಥಳ, ವಸ್ತು’ಗಳ ಹೆಸರುಗಳನ್ನು ಹುಡುಕಬೇಕು. ಇಂಗ್ಲಿಷಿನಲ್ಲಿ ಪ್ರತ್ಯಯಗಳು ಕಡಿಮೆಯಾದ್ದರಿಂದ ಪ್ರತ್ಯಯದ ಕೆಲಸವನ್ನು ಬಹುಮಟ್ಟಿಗೆ ಸ್ಥಾನ ಮಾಡುತ್ತದೆ, ಬದಲಿಸಬೇಕಾದುದು ಇಷ್ಟೇ.

ಇನ್ನು ಕೆಲವೆಡೆ ಪಟ್ಟಿ ಕನ್ನಡದ ಅರಿವನ್ನು ಕೆಡಿಸಿಯೂ ಬಿಡುತ್ತದೆ. ‘ಬಿಫೋರ್’ ಎಂಬ ಪದ ನಾಮಪದದ ಮುಂದೆ ಪ್ರಿಪೊಸಿಷನ್, ಉಪವಾಕ್ಯದ ಮುಂದೆ ಸಂಯೋಜಕ, ಒಂಟಿಯಾಗಿದ್ದರೆ ಕ್ರಿಯಾವಿಶೇಷಣ. ‘ಮಳೆಗೆ ಮುಂಚೆ’, ‘ಮಳೆ ಬರುವ ಮುಂಚೆ’, ‘ಮುಂಚೆ ನೋಡಿದ್ದೆ’ ಎನ್ನುವವನಿಗೆ ‘ಮುಂಚೆ’ ಒಂದೇ ಪದ. ‘ಬಿಫೋರ್’ ಕೂಡ ಒಂದೇ ಎಂದು ಯೆಸ್ಪರ್ಸನ್ ವಾದಿಸಿದ್ದ. ಹಡಲ್‌ಸ್ಟನ್ ಮತ್ತು ಪುಲಮ್ 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಮೂರನ್ನೂ ಪ್ರಿಪೊಸಿಷನ್ ಎಂದೇ ವರ್ಗೀಕರಿಸಿದರು. ಮಗುವಿನ ಸಹಜ ಗ್ರಹಿಕೆ ಸರಿಯಾಗಿದ್ದೆಡೆ ಪಾಠ ಅದನ್ನು ಮೂರು ತುಂಡು ಮಾಡುತ್ತದೆ. ಬೇರ್ಪಡಿಸಲೇಬೇಕಾದ ನಿರ್ಧಾರಕವನ್ನು ಮಾತ್ರ ಬೆಸೆದಿಡುತ್ತದೆ.

ಅರ್ಥಮೂಲ ಲಕ್ಷಣಗಳಿಗೆ ಗಂಭೀರ ಸಮರ್ಥನೆಗಳಿಲ್ಲವೆಂದಲ್ಲ. ಜಾನ್ ಲಯನ್ಸ್ 1966ರಲ್ಲಿ ಅವುಗಳಿಗೆ ಸೈದ್ಧಾಂತಿಕ ನೆಲೆ ಒದಗಿಸಲು ಯತ್ನಿಸಿದರು. ಸ್ಟೀವನ್ ಪಿಂಕರ್ 1984ರಲ್ಲಿ, ಮಗು ತನ್ನ ಮೊದಲ ಭಾಷೆಯ ವರ್ಗಗಳನ್ನು ಅರ್ಥದ ಆಸರೆಯಿಂದ ಪ್ರವೇಶಿಸುತ್ತದೆಂದು ವಾದಿಸಿದರು. ‘ಮನೆ’, ‘ಮರ’ಗಳಿಂದ ನಾಮಪದವನ್ನು ಪರಿಚಯಿಸುವುದಕ್ಕೆ ನಮ್ಮ ವಿರೋಧವಿಲ್ಲ. ಪಿಂಕರ್ ಅವರ ವಾದದಲ್ಲಿಯೇ ಅರ್ಥ ಪ್ರವೇಶದ್ವಾರ ಮಾತ್ರ. ಒಳಗೆ ಹೋದ ಮೇಲೆ ಮಗುವನ್ನು ನಡೆಸುವುದು ಪದಗಳ ವಿತರಣೆ. ಪಠ್ಯಗಳು ಬಾಗಿಲಲ್ಲೇ ನಿಂತುಬಿಡುತ್ತವೆ. ಅದೂ ಅಲ್ಲದೆ ‘ದ’ ಎಂಬುದಕ್ಕೆ ಅಂಥ ಬಾಗಿಲೇ ಇಲ್ಲ. ಬೆರಳಿಟ್ಟು ತೋರಿಸಬಹುದಾದ ಯಾವ ವಸ್ತುವೂ ಅದರ ಅರ್ಥವಲ್ಲ.

ಇತ್ತೀಚಿನ ಅನೇಕ ಶಾಲಾ ವ್ಯಾಕರಣಗಳಲ್ಲಿ ‘ಡಿಟರ್ಮಿನರ್ಸ್’ ಎಂಬ ಅಧ್ಯಾಯ ಸೇರಿದೆ. ಆದರೆ ಮೊದಲ ಪುಟದ ಎಂಟರ ಪಟ್ಟಿ ಹಾಗೆಯೇ ಉಳಿದಿರುವಲ್ಲಿ ‘ಮೈ’ ಒಂದು ಅಧ್ಯಾಯದಲ್ಲಿ ವಿಶೇಷಣ, ಇನ್ನೊಂದರಲ್ಲಿ ನಿರ್ಧಾರಕ. ಸಿ. ಸಿ. ಫ್ರೀಸ್ 1952ರಲ್ಲಿಯೇ ದಾರಿ ತೋರಿಸಿದ್ದರು: ಧ್ವನಿಮುದ್ರಿತ ದೂರವಾಣಿ ಸಂಭಾಷಣೆಗಳನ್ನು ಆಧರಿಸಿ, ಖಾಲಿ ಬಿಟ್ಟ ಸ್ಥಾನದಲ್ಲಿ ಯಾವ ಪದಗಳು ಕೂರುತ್ತವೆಂದು ಪರೀಕ್ಷಿಸಿ, ನಾಲ್ಕು ರೂಪವರ್ಗಗಳನ್ನೂ 15 ಕಾರ್ಯಪದ ಗುಂಪುಗಳನ್ನೂ ಗುರುತಿಸಿದರು. ಆ ಗುಂಪುಗಳಲ್ಲಿ ಮೊದಲನೆಯದು ನಿರ್ಧಾರಕಗಳದೇ. ಹದಿನೈದು ಗುಂಪುಗಳನ್ನು ಆರಂಭಿಕ ತರಗತಿಗೆ ಹೊತ್ತೊಯ್ಯಬೇಕೆಂದು ನಾವು ಹೇಳುತ್ತಿಲ್ಲ. ಆ ಮೊದಲ ಗುಂಪೊಂದು ಮೊದಲ ತಿಂಗಳಲ್ಲಿಯೇ, ನಾಮಪದದ ಜೊತೆಗೇ, ಖಾಲಿ ಬಿಟ್ಟ ಒಂದು ಮನೆಯ ರೂಪದಲ್ಲಿ ಬರಬೇಕು: ಇಲ್ಲಿ ಒಂದು ಪದ ಇರಲೇಬೇಕು, ಎರಡು ಇರಬಾರದು.

ಈ ಸರಳ ಸೂತ್ರಕ್ಕೂ ಅಪವಾದಗಳಿವೆ. ‘ಆಲ್ ಮೈ ಬುಕ್ಸ್’, ‘ಬೋತ್ ದೀಸ್ ಬುಕ್ಸ್’ ಎಂಬಲ್ಲಿ ಎರಡು ಪದಗಳು ಒಟ್ಟಿಗೆ ನಿಂತಿವೆ, ‘ಬುಕ್ಸ್’, ‘ವಾಟರ್’ಗಳಂಥವು ಒಂದೂ ಇಲ್ಲದೆ ನಿಲ್ಲಬಲ್ಲವು, ‘ಬೈ ಬಸ್’, ‘ಅಟ್ ಹೋಮ್’ಗಳಲ್ಲಿ ಮನೆ ಖಾಲಿಯೇ ಇದೆ. ಇವುಗಳಲ್ಲಿ ಬಹುವಚನವನ್ನೂ ‘ವಾಟರ್’ನಂಥವನ್ನೂ ಎರಡನೆಯ ಹಂತದಲ್ಲಿ ತರುವುದು ಅನಿವಾರ್ಯವೆಂದೇ ತೋರುತ್ತದೆ, ಏಕೆಂದರೆ ಎಣಿಕೆಗೆ ಸಿಗುವ, ಸಿಗದ ನಾಮಪದಗಳ ಭೇದವೇ ಅಲ್ಲಿಂದ ತೆರೆದುಕೊಳ್ಳುತ್ತದೆ. ‘ಬೈ ಬಸ್’ನಂಥವನ್ನು ಬಿಡಿಬಿಡಿ ನುಡಿಗಟ್ಟುಗಳಾಗಿ ಕಲಿಸಿದರೆ ಸಾಕು. ‘ಆಲ್’ ಮತ್ತು ‘ಬೋತ್’ಗಳನ್ನು ಆರಂಭದಲ್ಲಿ ಮುಟ್ಟದಿರುವುದೇ ಲೇಸು.